ಗಂಟಿನಕ್ಕನ ಅಳತೆಪಟ್ಟಿ

ನಮ್ಮ ಓಣಿಗೆ ಬಂದು ಗಂಟಿನಕ್ಕನ ಮನೆ ಯಾವುದು ಎಂದು ಕೇಳಿ, ಯಾರು ಬೇಕಾದರೂ ಕೈತೋರಿಸುತ್ತಾರೆ. ಬಾಗಿಲ ಮುಂದೆ ಹರಿದ ಬಲೆಗಳ ಗುಡ್ಡೆ ಬಿದ್ದಿರುವ ಮನೆ. ಅದು ನನ್ನ ಮನೆಯೂ ಹೌದು. ಆದರೆ ನನ್ನ ಹೆಸರು ಹಿಡಿದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಬಿಡಿ. ಗಂಟಿನಕ್ಕ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಒಂದೇ ಒಲೆ, ಒಂದೇ ನಲ್ಲಿ, ನಡುವೆ ಒಂದು ಪರದೆ ಎಳೆದುಕೊಂಡ ಎರಡು ಸಂಸಾರ. ಎಷ್ಟು ಜಗಳ ಆಗುತ್ತದೆ ಎಂದು ಕೇಳಬೇಡಿ. ಇವಳು ಹುಟ್ಟಿದಾಗಿನಿಂದ ಬಲೆ ಹೆಣೆಯುತ್ತಿದ್ದಾಳೆ ಎಂದು ಓಣಿಗೆ ಹೊಸದಾಗಿ ಬಂದವರು ತಿಳಿದುಕೊಂಡಿದ್ದಾರೆ. ಹುಟ್ಟಿದಾಗಿನಿಂದಂತೆ! ಅಂಗಿಯ ಗುಂಡಿ ಕಿತ್ತುಹೋದರೆ ನನ್ನ ಮುಂದೆ ತಂದು ಹಿಡಿಯುತ್ತಿದ್ದ ಹೆಂಗಸು ಇವಳು.

ನಮ್ಮ ಮನೆಯಲ್ಲಿ ಬಲೆಯ ಕೆಲಸಕ್ಕೆ ಎತ್ತಿದ ಕೈ ಅಂದರೆ ಭಾವನದು, ಅಂದರೆ ಅಕ್ಕನ ಗಂಡನದು. ಆಳು ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಬೆಳಕಿಲ್ಲ, ಅಂಥ ಮೈಕಟ್ಟು. ಗಂಟಲಂತೂ ಕೇಳುವುದೇ ಬೇಡ. ದಡದಲ್ಲಿ ನಿಂತು ಒಂದು ಕೂಗು ಹಾಕಿದರೆ ನಡುನೀರಿನಲ್ಲಿ ಹೋಗುತ್ತಿದ್ದ ದೋಣಿಯವರು ತಿರುಗಿ ನೋಡುತ್ತಿದ್ದರು. ಆ ದೊಡ್ಡ ಕೈಗಳಲ್ಲಿ ಹೆಣೆಯುವ ಸೂಜಿ ಹಿಡಿದು ಕೂತರೆ ಮಾತ್ರ ಮಗುವಿಗೆ ಜಡೆ ಹಾಕುವವರ ಹಾಗೆ ಕೂರುತ್ತಿದ್ದರು. ಎಡಗೈಯಲ್ಲಿ ಅವರ ಅಪ್ಪನ ಕಾಲದ ಅಳತೆಪಟ್ಟಿ. ಪಟ್ಟಿ ಎಂದರೆ ಮಹಾ ಏನಲ್ಲ, ಎರಡು ಬೆರಳಗಲದ, ಅಂಗೈ ಉದ್ದದ ಒಂದು ಮರದ ತುಂಡು. ಅದರ ಮೇಲೆ ದಾರ ಸುತ್ತಿ ಗಂಟು ಹಾಕಿ ಜಾರಿಸಿದರೆ ಬಲೆಯ ಒಂದು ಕಣ್ಣು ಆಯಿತು. ಹಾಗೆ ಸಾವಿರಾರು ಕಣ್ಣು, ಎಲ್ಲವೂ ಒಂದೇ ಸಮ. ದಾರ ಉಜ್ಜಿ ಉಜ್ಜಿ ಅದರ ಅಂಚು ನುಣ್ಣಗಾಗಿ, ಬೆವರು ಕುಡಿದು ಕುಡಿದು ಮರ ಕಪ್ಪಾಗಿತ್ತು. ನನ್ನ ಗಂಡ ಒಮ್ಮೆ ಪಟ್ಟಿ ಬಿಟ್ಟು ಬೆರಳಲ್ಲೇ ಹೆಣೆಯಲು ಹೋಗಿ ಸರಿಯಾಗಿ ಬೈಸಿಕೊಂಡಿದ್ದ. "ಬೆರಳು ದಣಿಯುತ್ತೆ ಕಣೋ ದಡ್ಡ! ಮರ ದಣಿಯಲ್ಲ!" ಭಾವ ಹಾಗೆ ಕೂಗಿದ್ದು ಪಕ್ಕದ ಓಣಿಗೂ ಕೇಳಿಸಿತ್ತು.

ಆ ಗಂಟಲು ಒಂದು ಬೆಳಿಗ್ಗೆ ನಿಂತುಹೋಯಿತು. ನಲ್ಲಿಯ ಹತ್ತಿರ ಹಲ್ಲುಜ್ಜುತ್ತಾ ನಿಂತಿದ್ದವರು ಹಾಗೆಯೇ ಕುಸಿದರು. ಲಕ್ವ. ಆಸ್ಪತ್ರೆಯಿಂದ ಜೀವ ಉಳಿಸಿಕೊಂಡು ಬಂದರು, ಆದರೆ ಬಲಗೈ, ಬಲಗಾಲು, ಮಾತು ಮೂರನ್ನೂ ಅಲ್ಲೇ ಬಿಟ್ಟು ಬಂದರು. ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಬಾಯಿಂದ ಮಾತ್ರ "ಊಂ, ಊಂ" ಬಿಟ್ಟರೆ ಬೇರೆ ಇಲ್ಲ. ಅವರನ್ನು ಕರೆತಂದ ದಿನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಜಾರದಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿದೆವು. ನಮ್ಮ ನೆಲ ಏರುತಗ್ಗು, ಅವರನ್ನು ಮಲಗಿಸಿದ ಕೂಡಲೇ ಮಂಚ ಕುಂಟಲು ಶುರುಮಾಡಿತು. ಅಲುಗಿದಾಗೆಲ್ಲ ಭಾವ ಹೆದರಿ ಕಣ್ಣು ಬಿಡುತ್ತಿದ್ದರು. ಅಕ್ಕ ಅಳುತ್ತಲೇ ಮೂಲೆಯಲ್ಲಿ ತಡಕಾಡಿ, ಕೈಗೆ ಸಿಕ್ಕಿದ್ದೇನೋ ಒಂದನ್ನು ಮಂಚದ ಕಾಲಿನ ಕೆಳಗೆ ತುರುಕಿ ನಿಲ್ಲಿಸಿದಳು. ಆ ಗಡಿಬಿಡಿಯಲ್ಲಿ ಯಾರು ಏನನ್ನು ನೋಡುತ್ತಾರೆ?

ಕಿಟಕಿಯಿಂದ ನಮ್ಮ ದೋಣಿ ಕಾಣುತ್ತಿತ್ತು. ಓಣಿಯ ಕೊನೆಗೆ ನೀರಿಗಿಳಿಯುವ ಮೆಟ್ಟಿಲು, ಮೆಟ್ಟಿಲ ಪಕ್ಕದ ಗೂಟಕ್ಕೆ ಕಟ್ಟಿದ ದೋಣಿ. ಭಾವ ಬೆಳಗಿನಿಂದ ಸಂಜೆಯವರೆಗೆ ಅದನ್ನೇ ನೋಡುತ್ತಾ ಮಲಗಿರುತ್ತಿದ್ದರು. ನನ್ನ ಗಂಡ ಒಬ್ಬ ಕೂಲಿಯವನನ್ನು ಜೊತೆ ಮಾಡಿಕೊಂಡು ಅದರಲ್ಲಿ ಹೋಗಿ ಬರುತ್ತಿದ್ದ. ಅಣ್ಣನ ಕಣ್ಣಳತೆ ತಮ್ಮನಿಗಿಲ್ಲ. ಎಲ್ಲಿ ಏನು ಮುಳುಗಿದೆ ಎಂಬುದು ಅಣ್ಣನಿಗೆ ಬಾಯಿಪಾಠ, ಇವನಿಗೆ ಗಾಳಿ ಯಾವ ಕಡೆಯದು ಎಂದು ನೋಡಲೂ ಬೇಸರ. ಒಂದು ದಿನ ಬಲೆ ಹೋಗಿ ಮುಳುಗಿದ ಹಳೇ ದೋಣಿಯೊಂದರ ಕಬ್ಬಿಣಕ್ಕೆ ಸಿಕ್ಕಿಕೊಂಡಿತು. ಮೆಲ್ಲಗೆ ಬಿಡಿಸುವುದು ಬಿಟ್ಟು ಈ ಪುಣ್ಯಾತ್ಮ ಸಿಟ್ಟಿನಲ್ಲಿ ಎಳೆದ. ತಂದು ಹಜಾರದಲ್ಲಿ ಕೆಡವಿದಾಗ ನೋಡಿದರೆ, ಬಲೆಯ ನಡುವೆ ಒಂದು ಆಳು ಸಲೀಸಾಗಿ ನುಸುಳುವಷ್ಟು ದೊಡ್ಡ ತೂತು. ಬಲೆಯನ್ನು ತೇಲಿಸುವ ಬೆಂಡುಗಳು ಅರ್ಧಕ್ಕರ್ಧ ಇಲ್ಲ, ಕೆಳಗಿನ ಹಗ್ಗ ಕಿತ್ತುಹೋಗಿದೆ. ಭಾವ ಮಂಚದಿಂದ ನೋಡಿದರು. ಅವರ ಒಂದು ಕಣ್ಣಿಂದ ಮಾತ್ರ ನೀರು ಇಳಿಯಿತು.

"ಮಾರಿಬಿಡೋಣ ಅತ್ತಿಗೆ," ಎಂದ ನನ್ನ ಗಂಡ, ಗೋಡೆಗೆ ಒರಗಿ, ಕೈಚೆಲ್ಲಿ. "ಹೊಸ ಬಲೆ ನಮ್ಮ ಕೈಲಾಗಲ್ಲ. ಹಲ್ಲುಕಡ್ಡಿ ದೋಣಿ ಕೇಳ್ತಾನೇ ಇದ್ದಾನೆ. ನಾನು ಐಸ್ ಫ್ಯಾಕ್ಟರಿಗೆ ಸೇರ್ಕೋತೀನಿ."

ಹಲ್ಲುಕಡ್ಡಿ ಎಂದರೆ ದೋಣಿಗಳ ದಲ್ಲಾಳಿ. ಊಟ ಮಾಡಿರಲಿ ಬಿಡಲಿ, ಬಾಯಲ್ಲಿ ಒಂದು ಕಡ್ಡಿ ಇದ್ದೇ ಇರುತ್ತದೆ. ಎಲ್ಲಿ ಕಾಯಿಲೆ ಬಿತ್ತು, ಎಲ್ಲಿ ಸಾವು ಬಿತ್ತು ಎಂದು ಮೂಸಿಕೊಂಡೇ ತಿರುಗುವ ಜನ.

ಅಕ್ಕ ಮೈದುನನ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡು ಹೋದಳು. ಭಾವನಿಗೆ ಕೇಳಿಸಬಾರದು ಎಂದು ಅಡುಗೆಮನೆಗೆ. ಅಲ್ಲಿ ನಾನಿದ್ದೆ.

"ನೋಡಪ್ಪ, ನಿನ್ನ ಕಾಲಿಗೆ ಬೀಳ್ತೀನಿ. ಆ ದೋಣಿ ಕಣ್ಣಿಗೆ ಕಾಣೋವರೆಗೆ ನಿಮ್ಮಣ್ಣ ಉಸಿರಾಡ್ತಾರೆ. ಅದೂ ಹೋದ್ರೆ ಗೋಡೆ ಕಡೆ ತಿರುಗಿ ಮಲಗಿಬಿಡ್ತಾರೆ. ಇನ್ನೇನು ಮೀನು ಅಳಿವೆಗೆ ಬರೋ ಕಾಲ. ಅಷ್ಟರೊಳಗೆ ಬಲೆ ನಾನು ಸರಿ ಮಾಡ್ತೀನಿ."

"ನೀನಾ?" ಎಂದ ಅವನು.

"ಹೂಂ, ನಾನೇ. ನಿಮ್ಮಣ್ಣ ಹೆಣೆಯೋದನ್ನ ಇಷ್ಟು ವರ್ಷ ನೋಡಿಲ್ವಾ? ಮೀನು ಸಿಕ್ಕಿದ್ರೆ ದೋಣಿ ಇರ್ಲಿ. ಸಿಗ್ಲಿಲ್ಲ ಅಂದ್ರೆ ನಿನ್ನಿಷ್ಟ, ನಾನು ತುಟಿ ಪಿಟಕ್ ಅನ್ನಲ್ಲ."

ಹೊಳೆ ಸಮುದ್ರಕ್ಕೆ ಸೇರುವ ಅಳಿವೆಗೆ ವರ್ಷಕ್ಕೊಮ್ಮೆ ಹಿಂಡು ಹಿಂಡಾಗಿ ಮೀನು ಬರುತ್ತದೆ. ಬಂದು ಕೆಲವೇ ದಿನ ಇದ್ದು ಹೋಗಿಬಿಡುತ್ತದೆ. ಆಗ ನೀರಿನಲ್ಲಿ ಬಲೆ ಇದ್ದವನು ಬದುಕಿದ. ನನ್ನ ಗಂಡ ಒಪ್ಪಿದ. ಅವನಿಗೂ ಅಣ್ಣನೆಂದರೆ ಪ್ರಾಣವೇ, ಅದನ್ನು ಹೇಳಲು ಬಾಯಿ ಬರುವುದಿಲ್ಲ ಅಷ್ಟೆ.

ಮಾರನೆಯ ದಿನದಿಂದ ನಮ್ಮ ಮನೆ ಗುಜರಿ ಅಂಗಡಿ ಆಯಿತು. ಹೊಸ ದಾರ ಕೊಳ್ಳುವ ಮಾತೇ ಇಲ್ಲ. ಅಕ್ಕ ದಡಕ್ಕೆ ಹೋಗಿ, ಜನ ಎಸೆದ ಬಲೆಯ ಚಿಂದಿಗಳನ್ನು ಹೊತ್ತು ತಂದಳು. ಬಕೆಟ್ಟಿನಲ್ಲಿ ನೆನೆಸಿ, ಒಂದೊಂದೇ ಗಂಟು ಬಿಡಿಸಿ, ಗಟ್ಟಿ ಇದ್ದ ನೈಲಾನ್ ದಾರವನ್ನು ಬಾಟಲಿಗೆ ಸುತ್ತಿಟ್ಟಳು. ಬೆಂಡಿಗೆ ಓಣಿಯವರ ಸವೆದ ರಬ್ಬರ್ ಚಪ್ಪಲಿಗಳು. ಅವನ್ನು ದುಂಡಗೆ ಕತ್ತರಿಸಿ, ಕಾಯಿಸಿದ ಮೊಳೆಯಿಂದ ತೂತು ಮಾಡುವ ಕೆಲಸ ನನ್ನದು. ಆ ಸುಟ್ಟ ರಬ್ಬರಿನ ನಾತ ಈಗಲೂ ನನ್ನ ಮೂಗಿನಲ್ಲಿದೆ. ಬಲೆಯ ಅಂಚು ಮುಳುಗಿಸುವ ಸೀಸದ ಗುಂಡುಗಳ ಬದಲು ಸೈಕಲ್ ರಿಪೇರಿಯವನು ಮೂಲೆಗೆ ಹಾಕಿದ್ದ ತುಕ್ಕು ಹಿಡಿದ ನಟ್ಟುಗಳು. ಹಗ್ಗದ ತುದಿ ಬಿಚ್ಚಿಕೊಳ್ಳದ ಹಾಗೆ ಮೇಣದಬತ್ತಿಯ ಉರಿಗೆ ಹಿಡಿದು ಕರಗಿಸಿ ಒತ್ತಿದೆವು. ಹಳೇ ನೈಲಾನ್ ಬಲು ಜಾರು, ಗಂಟು ನಿಲ್ಲದು. ಅದಕ್ಕೆ ನನ್ನ ಮದುವೆ ಕಾಲದ ಗುಲಾಬಿ ಉಗುರುಬಣ್ಣದ ಶೀಶೆ ಹೊರಬಂತು. ಪ್ರತಿ ಗಂಟಿಗೂ ಒಂದೊಂದು ತೊಟ್ಟು.

"ಮೀನುಗಳೂ ಸಿಂಗಾರ ಮಾಡ್ಕೊಂಡು ಬರ್ಲಿ ಬಿಡಕ್ಕ," ಎಂದೆ.

ಅಕ್ಕ ನಕ್ಕಳು. ಭಾವ ಹಾಸಿಗೆ ಹಿಡಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಎಲ್ಲ ಸಿಕ್ಕಿತು, ಅಳತೆಪಟ್ಟಿ ಮಾತ್ರ ಸಿಗಲಿಲ್ಲ. ಡಬ್ಬಗಳ ಹಿಂದೆ, ಅಟ್ಟದ ಮೇಲೆ, ದೋಣಿಯ ಮೂತಿಯೊಳಗೆ, ಸೌದೆಯ ರಾಶಿಯಲ್ಲಿ ಎಲ್ಲ ಕಡೆ ಹುಡುಕಿದೆವು. ನಾವು ಹುಡುಕಲು ಶುರುಮಾಡಿದ್ದೇ ತಡ, ಭಾವ ಮಂಚ ತಟ್ಟಲು ಶುರುಮಾಡಿದರು. ಎಡಗೈಯಿಂದ ಮಂಚದ ಅಂಚಿಗೆ ಟಕ್, ಟಕ್, ಟಕ್. ಆಮೇಲೆ ಬೆರಳು ಕೆಳಗೆ ಮಾಡಿ ತೋರಿಸುವುದು. ಮಂಚದ ಕೆಳಗೆ ಇದ್ದದ್ದು ಬೆಡ್‌ಪ್ಯಾನ್. ಪಾಪ, ಅಕ್ಕ ಎಲ್ಲ ಬಿಟ್ಟು ಓಡಿಬಂದು ಅದನ್ನು ಎಳೆದು ಹಿಡಿಯುತ್ತಿದ್ದಳು. ಭಾವ ತಲೆ ಅಲ್ಲಾಡಿಸುತ್ತಿದ್ದರು. ಮತ್ತೆ ಟಕ್, ಟಕ್. ಮತ್ತೆ ಬೆಡ್‌ಪ್ಯಾನ್. ಒಂದು ಸಲ ರೋಸಿಹೋಗಿ ಅದನ್ನು ಎಡಗೈಯಲ್ಲಿ ಬೀಸಿ ಒಗೆದರು. ಅದು ಹೋಗಿ ಬಾಗಿಲಿಗೆ ಬಡಿಯಿತು.

"ಏನ್ರೀ ಬೇಕು ನಿಮಗೆ?" ಅಕ್ಕ ತಲೆ ತಲೆ ಚಚ್ಚಿಕೊಂಡಳು. "ನೀರು ಬೇಡ, ಇದು ಬೇಡ, ಮಗ್ಗುಲು ತಿರುಗಿಸ್ಲಾ ಅಂದ್ರೆ ಅದೂ ಬೇಡ. ನನಗಿರೋದು ಎರಡೇ ಕೈ ಕಣ್ರೀ! ನಿಮ್ಮ ದೋಣಿಗೋಸ್ಕರಾನೇ ಸಾಯ್ತಾ ಇದ್ದೀನಿ, ಸ್ವಲ್ಪ ಸುಮ್ನಿರಬಾರ್ದಾ?"

ಭಾವ ಅವಳ ಮುಖವನ್ನೇ ನೋಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡರು. ಅವತ್ತು ಮತ್ತೆ ತಟ್ಟಲಿಲ್ಲ.

ನನ್ನ ಗಂಡ ಬಕೆಟ್ಟಿನ ಪ್ಲಾಸ್ಟಿಕ್ ಕತ್ತರಿಸಿ ಒಂದು ಪಟ್ಟಿ ಮಾಡಿಕೊಟ್ಟ. ದಾರ ಬಿಗಿದರೆ ಅದು ಬಾಗಿಹೋಗುತ್ತಿತ್ತು. ಹಳೇ ಬಲೆಯ ಕಣ್ಣು ನೋಡಿಕೊಂಡು ಮರದಲ್ಲಿ ಇನ್ನೊಂದು ಕೆತ್ತಿದ. ಆದರೆ ವರ್ಷಗಟ್ಟಲೆ ಎಳೆದಾಡಿದ ಬಲೆ, ಒಂದು ಕಣ್ಣಿದ್ದ ಹಾಗೆ ಇನ್ನೊಂದಿಲ್ಲ. ಯಾವುದನ್ನು ನಂಬುವುದು? ಅದರಲ್ಲಿ ಹೆಣೆದದ್ದು ಜೋಳಿಗೆಯ ಹಾಗೆ ಜೋತುಬಿತ್ತು. ಅಷ್ಟರಲ್ಲಿ ಮೀನು ಕಾಣಿಸಿಕೊಂಡಿತು ಎಂಬ ಸುದ್ದಿ ಬಂತು. ಬೇರೆ ದೋಣಿಗಳೆಲ್ಲ ತಯಾರಾಗುತ್ತಿದ್ದವು. ಅಕ್ಕ ಆ ಪಟ್ಟಿಯನ್ನು ಒಲೆಗೆ ಎಸೆದು, ತನ್ನ ಎರಡು ಬೆರಳನ್ನೇ ಜೋಡಿಸಿ ಹಿಡಿದು ದಾರ ಸುತ್ತಲು ಕೂತಳು. ಅವಳ ಎರಡು ಬೆರಳು ಹೆಚ್ಚುಕಡಿಮೆ ಕಳೆದುಹೋದ ಪಟ್ಟಿಯಷ್ಟೇ ಅಗಲ ಇತ್ತು, ಸುಳ್ಳಲ್ಲ. ಭಾವ ಅದನ್ನು ನೋಡಿ ಮತ್ತೆ ತಟ್ಟಿದರು. ಕೂಗಿದರು ಕೂಡ, ಊಂ ಊಂ ಎಂದು, ಕತ್ತಿನ ನರ ಉಬ್ಬುವ ಹಾಗೆ. ನೋವಿರಬೇಕೆಂದು ನಾನು ಎಣ್ಣೆ ಹಚ್ಚಿ ಕಾಲು ಒತ್ತಿದೆ. ಅಕ್ಕ ತಲೆ ಎತ್ತಲಿಲ್ಲ. ದಾರ ಕೊಯ್ದು ಬೆರಳ ಸಂದಿಯಲ್ಲಿ ರಕ್ತ ಬಂದಾಗ ಬಟ್ಟೆಯ ಚೂರು ಕಟ್ಟಿಕೊಂಡಳು. ಬೆರಳು ಬಾವು ಬಂದು, ನೋವಿಗೆ ಮಡಚಿಕೊಳ್ಳುತ್ತಿದ್ದರೂ ಬಿಡಲಿಲ್ಲ. ಅನ್ನ ನಾನು ತಿನ್ನಿಸಬೇಕಾಯಿತು.

ಬಲೆ ಮುಗಿಯಿತು. ಗುಲಾಬಿ ಗಂಟುಗಳ ಆ ತೇಪೆ ನೋಡಲು ಏನು ಚೆಂದ ಇತ್ತು ಅಂತೀರಿ! ಓಣಿಯ ಹೆಂಗಸರು ಬಂದು ಮುಟ್ಟಿ ಮುಟ್ಟಿ ನೋಡಿ ಹೋದರು. ನನ್ನ ಗಂಡನೂ ಒಳ್ಳೆಯ ಮಾತಾಡಿದ, ಅದೊಂದು ದೊಡ್ಡ ಸಂಗತಿ. ಬೆಳಗಾಗುತ್ತಲೇ ದೋಣಿ ಹೊರಟಿತು. ಅಕ್ಕ ಮೆಟ್ಟಿಲ ಮೇಲೆ ನಿಂತು ಅದು ಕಣ್ಮರೆ ಆಗುವವರೆಗೆ ನೋಡಿದಳು. ಮನೆಗೆ ಬಂದು ಭಾವನ ತಲೆ ಬಾಚಿದಳು. "ಇವತ್ತು ನೋಡಿ ಮತ್ತೆ," ಎಂದಳು ಅವರಿಗೆ. ಭಾವ ಅವಳ ಕಡೆ ನೋಡಲೇ ಇಲ್ಲ, ಕಿಟಕಿಯ ಕಡೆ ನೋಡುತ್ತಿದ್ದರು.

ದೋಣಿ ಬೇಗನೆ ವಾಪಸ್ ಬಂತು. ತುಂಬಿದ ದೋಣಿ ನೀರಿನಲ್ಲಿ ಕೂತು ಬರುತ್ತದೆ, ಇದು ತೇಲಿಕೊಂಡು ಬಂತು. ನನ್ನ ಗಂಡ ಮೆಟ್ಟಿಲ ಮೇಲೆ ಬಲೆ ಕೆಡವಿ ಅದರ ಪಕ್ಕದಲ್ಲೇ ಕುಕ್ಕರಿಸಿದ.

"ತುಂಬಿತ್ತು ಅತ್ತಿಗೆ," ಎಂದ. ಅವನು ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ಎಳೆಯೋಕೇ ಆಗ್ತಿರ್ಲಿಲ್ಲ, ಅಷ್ಟು ತುಂಬಿತ್ತು. ದೋಣಿ ಹತ್ರ ತಂದ್ವಿ, ಬೆಳ್ಳಗೆ ಕಾಣ್ತಾ ಇತ್ತು ಮೀನು. ಪರ್ ಅಂತ ಒಂದು ಸದ್ದು ಬಂತು ನೋಡು. ತೇಪೆ ಹಾಗೇ ಇದೆ. ಅದರ ಸುತ್ತ ಕಿತ್ಕೊಂಡು ಹೋಯ್ತು. ಎಲ್ಲಾ ಕಣ್ಮುಂದೇನೇ ಹೊರಟುಹೋಯ್ತು."

ಅಕ್ಕ ಬಲೆಯನ್ನು ಮಡಿಲಿಗೆ ಎಳೆದುಕೊಂಡು ತೇಪೆಯ ಕಣ್ಣುಗಳಲ್ಲಿ ಬೆರಳು ತೂರಿಸಿ ನೋಡಿದಳು. ಮೊದಲು ಹೆಣೆದ ಸಾಲಿನಲ್ಲಿ ಎರಡು ಬೆರಳು ಆರಾಮಾಗಿ ಹೋದವು. ನಡುವಿನ ಸಾಲಿನಲ್ಲಿ ತುರುಕಬೇಕಾಯಿತು. ಕೊನೆಯ ಸಾಲುಗಳಲ್ಲಿ ಒಂದೇ ಬೆರಳು ಹಿಡಿಸಿತು. ಕೈ ನೋಯುತ್ತಾ ಹೋದ ಹಾಗೆ ಬೆರಳು ಮುದುಡಿವೆ, ಕಣ್ಣು ಚಿಕ್ಕದಾಗುತ್ತಾ ಹೋಗಿದೆ, ಅವಳಿಗೆ ತಿಳಿದೇ ಇಲ್ಲ. ತೇಪೆ ಸುಕ್ಕುಗಟ್ಟಿ ಇಡೀ ಬಲೆಯನ್ನು ತನ್ನ ಕಡೆಗೆ ಎಳೆದುಕೊಂಡಿದೆ, ಭಾರವೆಲ್ಲ ಅಂಚಿನ ಮೇಲೆ ಬಿದ್ದಿದೆ. ಬೆರಳು ದಣಿಯುತ್ತೆ, ಮರ ದಣಿಯಲ್ಲ. ಆ ಮಾತು ನಮ್ಮೆಲ್ಲರ ಕಿವಿಯಲ್ಲಿತ್ತು. ಅಕ್ಕ ಎಡಗೈಯನ್ನು ಮೆಟ್ಟಿಲ ಕಲ್ಲಿಗೆ ಬಡಿದುಕೊಳ್ಳಲು ಶುರುಮಾಡಿದಳು. ನಾನು ತಡೆಯುವಷ್ಟರಲ್ಲಿ ಬಟ್ಟೆಯ ಕಟ್ಟು ಕೆಂಪಾಗಿತ್ತು.

ಇನ್ನೊಂದು ಸಲ ಹೆಣೆಯಲು ಕಾಲವಿರಲಿಲ್ಲ, ಕೈಯೂ ಇರಲಿಲ್ಲ. ನನ್ನ ಗಂಡ ಹಲ್ಲುಕಡ್ಡಿಗೆ ಮಾತು ಕೊಟ್ಟ. ಕೊಟ್ಟ ಮಾತಿನಂತೆ ಅಕ್ಕ ತುಟಿ ಪಿಟಕ್ ಅನ್ನಲಿಲ್ಲ.

ಹಲ್ಲುಕಡ್ಡಿ ಮಧ್ಯಾಹ್ನದ ಹೊತ್ತಿಗೆ ಇಬ್ಬರು ಆಳುಗಳೊಂದಿಗೆ ಬಂದ. ಬಲೆಯನ್ನೂ ಕೊಂಡೊಯ್ಯುವ ಮಾತಾಗಿತ್ತು. ಹಜಾರಕ್ಕೆ ಬಂದು ಕಾಲಿನಿಂದ ಬಲೆಯನ್ನು ಸರಿಸಿ ನೋಡಿದ. "ಈ ಚಿಂದಿ ನನಗ್ಯಾಕೆ? ನೀವೇ ಇಟ್ಕೊಳ್ಳಿ," ಎಂದ. ಭಾವ ಮಂಚ ತಟ್ಟುತ್ತಿದ್ದರು. ಹಿಂದೆಂದೂ ಹಾಗೆ ತಟ್ಟಿರಲಿಲ್ಲ, ಕೈ ಮುರಿಯುವ ಹಾಗೆ.

"ಏನಣ್ಣ, ತಾಳ ಹಾಕ್ತಾ ಇದ್ದೀರಾ?" ಎಂದು ಹಲ್ಲುಕಡ್ಡಿ ನಕ್ಕ.

"ಆ ಕಡ್ಡಿ ಕಣ್ಣಿಗೆ ಚುಚ್ಚೋಕ್ಮುಂಚೆ ಆಚೆ ನಡಿ," ಎಂದೆ ನಾನು. ಅವನು ನಡೆದ.

ಅವರು ಗೂಟದಿಂದ ಹಗ್ಗ ಬಿಚ್ಚಿದ್ದು, ಇನ್ನೊಂದು ದೋಣಿಗೆ ಕಟ್ಟಿಕೊಂಡು ಎಳೆದದ್ದು, ಎಲ್ಲ ಕಿಟಕಿಯಿಂದ ಕಂಡಿತು. ಅಕ್ಕ ಕಿಟಕಿ ಮುಚ್ಚಲು ಹೋದಳು. ಅಷ್ಟರಲ್ಲಿ ಭಾವ ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ಮೈ ಹೊರಳಿಸಿದರು. ಅಷ್ಟು ದೊಡ್ಡ ದೇಹ ಧೊಪ್ಪೆಂದು ನೆಲಕ್ಕೆ ಬಿತ್ತು, ಮಂಚ ಒಂದು ಕಡೆ ಎದ್ದು ಕುಕ್ಕಿತು. ನಾವಿಬ್ಬರೂ ಓಡಿದೆವು. ಎತ್ತಲು ಹೋದರೆ ಭಾವ ನಮ್ಮನ್ನು ತಳ್ಳಿದರು. ಕೆನ್ನೆ ನೆಲಕ್ಕೆ ಒತ್ತಿದ್ದರೂ ಎಡಗೈಯನ್ನು ಮಂಚದ ಕೆಳಗೆ ಚಾಚಿ ಏನನ್ನೋ ತಡಕುತ್ತಿದ್ದರು. ಸಿಕ್ಕಿತು. ಅದನ್ನು ಎಳೆದು ಅಕ್ಕನ ಕಾಲ ಬಳಿ ಇಟ್ಟರು.

ಎರಡು ಬೆರಳಗಲದ, ಅಂಗೈ ಉದ್ದದ, ಬೆವರಿಗೆ ಕಪ್ಪಾದ ಮರದ ತುಂಡು.

ಅಕ್ಕ ಅದನ್ನು ನೋಡಿದಳು, ಮಂಚದ ಕಾಲು ನೋಡಿದಳು. "ನಾನೇ," ಎಂದಳು. "ನಾನೇ ಇಟ್ಟಿದ್ದು ಕಣೇ. ಅವರನ್ನ ಕರ್ಕೊಂಡು ಬಂದ ದಿನ. ಇದೇ ಕೈಯಿಂದ." ಆಮೇಲೆ ಪಟ್ಟಿಯನ್ನು ಹಿಡಿದು ಓಡಿದಳು. ಬರಿಗಾಲಲ್ಲಿ, ತಲೆಗೂದಲು ಬಿಚ್ಚಿಕೊಂಡು, ಓಣಿಯ ಉದ್ದಕ್ಕೂ. "ನಿಲ್ಲಿಸ್ರೀ! ಪಟ್ಟಿ ಸಿಕ್ತು! ದೋಣಿ ನಿಲ್ಲಿಸ್ರೀ! ಪಟ್ಟಿ ಸಿಕ್ತು!" ಎಂದು ಕೂಗುತ್ತಾ ಮಂಡಿಯವರೆಗೆ ನೀರಿಗೆ ಇಳಿದುಬಿಟ್ಟಳು. ಮೆಟ್ಟಿಲ ಮೇಲಿದ್ದ ಜನಕ್ಕೆ ಏನು ಗೊತ್ತು, ಪಟ್ಟಿ ಯಾವುದು, ಸಿಕ್ಕಿದ್ದು ಏನು? ತಲೆ ಕೆಟ್ಟಿತು ಪಾಪ ಎಂದುಕೊಂಡರು. ದೂರದ ದೋಣಿಯಲ್ಲಿ ಹಲ್ಲುಕಡ್ಡಿ ತಿರುಗಿ ನೋಡಿದ. ಬೀಳ್ಕೊಡುತ್ತಿದ್ದಾಳೆ ಎಂದು ತಿಳಿದನೋ ಏನೋ, ಅವನೂ ಕೈ ಬೀಸಿದ.

ಆ ಬಲೆಯನ್ನು ಅಕ್ಕ ಮತ್ತೆ ಹೆಣೆದಳು. ಕೈಯ ಗಾಯ ಒಣಗಿದ ಮೇಲೆ, ತೇಪೆಯನ್ನೆಲ್ಲ ಕತ್ತರಿಸಿ ಬಿಸಾಡಿ, ಪಟ್ಟಿ ಹಿಡಿದು ಮೊದಲಿನಿಂದ. ಯಾಕೆ, ಯಾವ ದೋಣಿಗೆ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ. ಮೀನು ಬಂದು ಹೋಗಿ ಆಗಿತ್ತು. ನನ್ನ ಗಂಡ ಐಸ್ ಫ್ಯಾಕ್ಟರಿಗೆ ಹೋಗಿ ಬಂದು, ಮರಗಟ್ಟಿದ ಕೈಗಳನ್ನು ಒಲೆಗೆ ಹಿಡಿದು ಕೂರುತ್ತಿದ್ದ. ಭಾವ ಮಂಚದಿಂದ ಒಂದೊಂದು ಗಂಟನ್ನೂ ನೋಡುತ್ತಿದ್ದರು, ತಪ್ಪಿದರೆ "ಊಂ" ಎನ್ನುತ್ತಿದ್ದರು. ಕೊನೆಗೆ ಬಲೆ ಎಷ್ಟು ಸಮನಾಗಿ ಬಂತೆಂದರೆ ಹಳೆಯದು ಎಲ್ಲಿ, ಹೊಸದು ಎಲ್ಲಿ ಎಂದು ಹೇಳಲಾಗುತ್ತಿರಲಿಲ್ಲ. ಅದನ್ನು ನೋಡಿದವರು ತಮ್ಮ ಬಲೆ ತಂದರು, ಅವರನ್ನು ನೋಡಿ ಬೇರೆಯವರು. ಹೀಗೆ ಇವಳು ಗಂಟಿನಕ್ಕ ಆದಳು, ಇವಳ ಗಂಟುಗಳಿಂದ ನಮ್ಮೆಲ್ಲರ ಹೊಟ್ಟೆ ತುಂಬುತ್ತಿದೆ. ನಮ್ಮ ಬಲೆ ಮಾತ್ರ ಅಟ್ಟದ ಮೇಲಿದೆ. ಕೊಡು ಎಂದು ಎಷ್ಟೋ ಜನ ಕೇಳಿದ್ದಾರೆ. ಅವಳು ಜಗ್ಗುವುದಿಲ್ಲ.

ಮಂಚದ ಕಾಲಿಗೆ ಈಗ ಇಟ್ಟಿಗೆಯ ಚೂರು ಇದೆ. ಕಿಟಕಿಯಲ್ಲಿ ಬರೀ ಗೂಟ ಕಾಣುತ್ತದೆ, ಭಾವ ಅದನ್ನು ನೋಡುವುದಿಲ್ಲ. ಒಮ್ಮೊಮ್ಮೆ ಮಂಚ ತಟ್ಟುತ್ತಾರೆ. ಒಂದೇ ಒಂದು ಟಕ್ ಸಾಕು, ಅಕ್ಕ ಅರ್ಧ ಹಾಕಿದ ಗಂಟನ್ನು ಹಾಗೇ ಬಿಟ್ಟು ಎದ್ದು ಬರುತ್ತಾಳೆ. ಮೊದಲು ಮಂಡಿಯೂರಿ ಮಂಚದ ನಾಲ್ಕೂ ಕಾಲಿನ ಬುಡ ನೋಡುತ್ತಾಳೆ. ಆಮೇಲೆ ಹಾಸಿಗೆ ಎತ್ತಿ, ದಿಂಬು ಎತ್ತಿ, ಮೂಲೆಯಲ್ಲಿರುವ ಒಂದೊಂದು ಸಾಮಾನನ್ನೂ ಅವರ ಮುಖದ ಮುಂದೆ ಹಿಡಿದು ಕೇಳುತ್ತಾಳೆ, "ಇದಾರೀ? ಇದಾ? ಹೇಳಿ, ನಾನು ಹುಡುಕ್ತೀನಿ." ಭಾವ ಎಲ್ಲಕ್ಕೂ ತಲೆ ಅಲ್ಲಾಡಿಸುತ್ತಾರೆ. ಹೆಚ್ಚಿನ ಸಲ ಅವರಿಗೆ ಬೇಕಾಗಿರುವುದು ಒಂದು ಲೋಟ ನೀರು.